ಗಾಳಿಯನ್ನು ಹಿಂದಕ್ಕೆ ಬಿಡದ ವಾಲ್ವ್: ಏರ್ ಬ್ರೇಕಿನ ಒಂದು ಚಿಕ್ಕ ಭಾಗದ ಹಿನ್ನೆಲೆ

ಲಾರಿ, ಬಸ್ಸುಗಳ ಏರ್ ಬ್ರೇಕಿಗೆ ಬೇಕಾದ ಗಾಳಿ ಕಂಪ್ರೆಸರ್‌ನಿಂದ ಟ್ಯಾಂಕಿಗೆ ಹೋಗುತ್ತದೆ. ಆ ದಾರಿಯಲ್ಲಿ, ಟ್ಯಾಂಕಿನ ಬಾಯಿಯ ಹತ್ತಿರ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಾಲ್ವ್ ಒಂದಿರುತ್ತದೆ. ಒಳಗಿರುವುದು ಒಂದು ಸಣ್ಣ ಸ್ಪ್ರಿಂಗ್, ಒಂದು ರಬ್ಬರ್ ಬಿಲ್ಲೆ, ಅಷ್ಟೇ. ಗಾಳಿ ಒಳಗೆ ನುಗ್ಗುವಾಗ ಬಿಲ್ಲೆ ಸರಿದು ದಾರಿ ಬಿಡುತ್ತದೆ. ಹಿಂದಕ್ಕೆ ಹೊರಟರೆ ಅದೇ ಗಾಳಿ ಬಿಲ್ಲೆಯನ್ನು ಒತ್ತಿ ದಾರಿ ಮುಚ್ಚುತ್ತದೆ. ಒನ್‌ವೇ ವಾಲ್ವ್, ಚೆಕ್ ವಾಲ್ವ್ ಎಂದೆಲ್ಲ ಕರೆಯುವುದು ಇದನ್ನೇ. ಇಷ್ಟು ಸರಳವಾದ ಭಾಗ ಎಲ್ಲೆಲ್ಲಿ ಇರಬೇಕು, ಕೆಟ್ಟರೆ ಹೇಗೆ ಗೊತ್ತಾಗುತ್ತದೆ ಎಂಬ ಬಗ್ಗೆ ಮಾತ್ರ ಇವತ್ತಿಗೂ ಗೊಂದಲ ಜಾಸ್ತಿ.

ಏರ್ ಬ್ರೇಕ್ ಹುಟ್ಟಿದ್ದು ರೈಲಿನಲ್ಲಿ. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಮಾಡಿದ ಮೊದಲ ಬ್ರೇಕಿನಲ್ಲಿ ಪೈಪ್ ಒಡೆದರೆ ಇಡೀ ರೈಲಿಗೆ ಬ್ರೇಕ್ ಇಲ್ಲ. 1872ರ ಹೊತ್ತಿಗೆ ಅವರು ಪ್ರತಿ ಬೋಗಿಗೂ ಒಂದು ಟ್ಯಾಂಕ್ ಕೊಟ್ಟರು. ಪೈಪಿನ ಒತ್ತಡ ಇಳಿದರೆ ಬ್ರೇಕ್ ತಾನೇ ಹಿಡಿಯುವಂತಾಯಿತು. ಅಪಾಯದ ಹೊತ್ತಿನಲ್ಲಿ ಕೈಹಿಡಿಯುವುದು ಮೊದಲೇ ಕೂಡಿಟ್ಟ ಗಾಳಿ ಎಂಬ ವಿಚಾರ ಅಲ್ಲಿಂದ ಬಂತು. ಮುಂದೆ ಇದೇ ಬ್ರೇಕ್ ಲಾರಿಗೂ ಬಂತು. ದಶಕಗಳ ಕಾಲ ಅಲ್ಲಿ ಒಂದೇ ಸರ್ಕ್ಯೂಟ್, ಅಂದರೆ ಎಲ್ಲ ಚಕ್ರಗಳಿಗೂ ಗಾಳಿಯ ಒಂದೇ ಹಾದಿ. ಕಂಪ್ರೆಸರ್ ಕಡೆಯ ಪೈಪ್ ಹೋದರೆ ಚೆಕ್ ವಾಲ್ವ್ ಟ್ಯಾಂಕಿನ ಗಾಳಿಯನ್ನು ಕಾಯುತ್ತಿತ್ತು. ಚಕ್ರದ ಕಡೆ ಡಯಾಫ್ರಂ (ಗಾಳಿಯ ಒತ್ತಡದಿಂದ ಬ್ರೇಕನ್ನು ತಳ್ಳುವ ರಬ್ಬರ್ ಪೊರೆ) ಹರಿದರೆ ಮಾತ್ರ ಅದರಿಂದ ಏನೂ ಪ್ರಯೋಜನವಿರಲಿಲ್ಲ.

1975ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದ 121ನೇ ಸುರಕ್ಷತಾ ನಿಯಮ ಈ ಕಥೆಯ ದೊಡ್ಡ ತಿರುವು. ಒಂದು ಕಡೆ ಸೋರಿದರೂ ಇನ್ನೊಂದು ಕಡೆಯ ಬ್ರೇಕ್ ಉಳಿಯಬೇಕು ಎಂಬ ಲೆಕ್ಕದಲ್ಲಿ ಪ್ರೈಮರಿ, ಸೆಕೆಂಡರಿ ಎಂದು ಟ್ಯಾಂಕುಗಳು ಬೇರೆಯಾದವು. ಎರಡರ ಬಾಯಿಗೂ ಒಂದೊಂದು ಚೆಕ್ ವಾಲ್ವ್ ಬಂತು. ಆ ನಿಯಮದ ಮೇಲೆ ನಡೆದ ಜಗಳವೆಲ್ಲ ಲಾರಿ ಎಷ್ಟು ದೂರದಲ್ಲಿ ನಿಲ್ಲಬೇಕು, ಚಕ್ರ ಕಚ್ಚಿಕೊಳ್ಳದ ಹಾಗೆ ತಡೆಯುವ ಆ್ಯಂಟಿಲಾಕ್ ಬೇಕೋ ಬೇಡವೋ ಎಂಬುದರ ಸುತ್ತ. 1978ರಲ್ಲಿ ಕೋರ್ಟು ಆ ಭಾಗಗಳನ್ನು ತಡೆಹಿಡಿಯಿತು. ಚೆಕ್ ವಾಲ್ವಿನ ಸಾಲು ಮಾತ್ರ ಸದ್ದಿಲ್ಲದೆ ಉಳಿಯಿತು. ಆ ಸಾಲಿನಲ್ಲಿ ಒಂದು ಒಳ್ಳೆಯ ಮಾತಿದೆ: ಯಾವ ಪೈಪನ್ನೂ ಬಿಚ್ಚದೆ ಈ ವಾಲ್ವ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಆಗಬೇಕು.

ಯುರೋಪಿನವರು ಬೇರೆ ದಾರಿ ಹಿಡಿದರು. ಅಲ್ಲಿ ಸರ್ಕ್ಯೂಟುಗಳನ್ನು ಬೇರೆ ಮಾಡುವ ಕೆಲಸ ನಾಲ್ಕು ಸರ್ಕ್ಯೂಟಿನ ಪ್ರೊಟೆಕ್ಷನ್ ವಾಲ್ವ್ ಎಂಬ ಒಂದೇ ಡಬ್ಬಿಗೆ ಹೋಯಿತು. ಒಂದು ಪದ್ಧತಿಯಲ್ಲಿ ಪಳಗಿದ ಮೆಕ್ಯಾನಿಕ್ ಇನ್ನೊಂದು ಗಾಡಿಯ ಕೆಳಗೆ ನುಗ್ಗಿದರೆ ತಡಕಾಡುವುದು ಸಹಜ. ಇದರ ಮೇಲೆ ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್ ಬಂತು, ಅದಕ್ಕೂ ಒಂದು ಚೆಕ್ ವಾಲ್ವ್ ಬಂತು. ಅದು ಕೆಟ್ಟರೆ ಟ್ಯಾಂಕಿನ ಗಾಳಿ ಹಿಂದಕ್ಕೆ ಬಂದು ಡ್ರೈಯರಿನಲ್ಲಿ ಕೂಡಿದ ನೀರನ್ನು ಹೊರಹಾಕುವ ಪರ್ಜ್ ವಾಲ್ವಿನಿಂದ ಸುಯ್ ಎಂದು ಹೋಗುತ್ತದೆ. ಸದ್ದು ಬಂದ ಕಡೆಯ ಭಾಗವನ್ನು ಬದಲಿಸುತ್ತಾರೆ. ಸೋರಿಕೆ ನಿಲ್ಲುವುದಿಲ್ಲ.

ಡ್ರೈಯರಿನದಾದರೂ ಸದ್ದು ಮಾಡುತ್ತದೆ. ಟ್ಯಾಂಕಿನ ಬಾಯಿಯದು ಅದನ್ನೂ ಮಾಡುವುದಿಲ್ಲ. ಬಿಲ್ಲೆ ತೆರೆದೇ ನಿಂತಿದ್ದರೂ ಗೇಜು ಸರಿ, ಪೆಡಲ್ ಸರಿ, ಗಾಡಿ ಎಂದಿನಂತೆ ನಿಲ್ಲುತ್ತದೆ. ಪ್ರೈಮರಿ ಕಡೆ ಏನಾದರೂ ಒಡೆದ ದಿನ ಸೆಕೆಂಡರಿಯ ಗಾಳಿಯೂ ಅದರ ಹಿಂದೆಯೇ ಓಡುತ್ತದೆ. ಒತ್ತಡ 60 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಹತ್ತಿರ ಇಳಿದಾಗ ಎಚ್ಚರಿಕೆಯ ಬಜರ್ ಕೂಗುತ್ತದೆ. 45ರಿಂದ 20ರ ನಡುವೆ, ಗಾಳಿಯ ಒತ್ತಡ ಹಿಡಿದಿಟ್ಟಿದ್ದ ಸ್ಪ್ರಿಂಗ್ ಬ್ರೇಕ್ ತಾನಾಗಿ ಬಿದ್ದು, ಓಡುತ್ತಿರುವ ಗಾಡಿ ರಸ್ತೆಯಲ್ಲೇ ಕಚ್ಚಿಕೊಳ್ಳಬಹುದು.

ಅದಕ್ಕೇ ಪೈಪ್ ಬಿಚ್ಚದೆ ಮಾಡುವ ಆ ಪರೀಕ್ಷೆ ಮುಖ್ಯ. ಚಕ್ರಕ್ಕೆ ಅಡ್ಡ ಕೊಡಿ, ಗಾಳಿ ಪೂರ್ತಿ ತುಂಬಿಸಿ, ಎಂಜಿನ್ ನಿಲ್ಲಿಸಿ. ಮೊದಲು ಕಂಪ್ರೆಸರ್ ಕಡೆಯ ವೆಟ್ ಟ್ಯಾಂಕಿನ (ಗಾಳಿ ಮೊದಲು ಬಂದು ಸೇರುವ ಟ್ಯಾಂಕ್) ಡ್ರೈನ್ ತೆರೆದು ಖಾಲಿ ಮಾಡಿ. ಗೇಜಿನಲ್ಲಿ ಪ್ರೈಮರಿ, ಸೆಕೆಂಡರಿಯ ಎರಡೂ ಮುಳ್ಳು ಅಲ್ಲಾಡಬಾರದು. ಆಮೇಲೆ ಪ್ರೈಮರಿ ಖಾಲಿ ಮಾಡಿ. ಸೆಕೆಂಡರಿಯ ಮುಳ್ಳು ಇದ್ದಲ್ಲೇ ಇರಬೇಕು. ಅದೂ ಜೊತೆಗೆ ಇಳಿದರೆ ವಾಲ್ವ್ ಹೋಗಿದೆ. ಸಾಮಾನು ಬೇಡ, ಖರ್ಚಿಲ್ಲ. ಹೀಗಿದ್ದೂ ಎಷ್ಟೋ ಕಡೆ ಬ್ರೇಕ್ ಲೈನಿಂಗಿನ ಸವೆತ ಅಳೆಯುತ್ತಾರೆ, ಇದನ್ನು ನೋಡುವುದಿಲ್ಲ. ದಿನದ ತಪಾಸಣೆಯಲ್ಲಿ ಆಗದಿದ್ದರೆ ಪ್ರತಿ ಸರ್ವಿಸಿನಲ್ಲಾದರೂ ಇದು ಇರಲೇಬೇಕು.

ಕೆಟ್ಟ ವಾಲ್ವನ್ನು ಬಿಚ್ಚಿದರೆ ಎಷ್ಟೋ ಸಲ ಒಳಗೆ ಕಪ್ಪು, ಅಂಟು ಅಂಟಾದ ಮಸಿ ಸಿಗುತ್ತದೆ. ಬಿಲ್ಲೆ ಅದರ ಮೇಲೆ ಕೂತು ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ಅದು ಕಂಪ್ರೆಸರ್ ಎಸೆದ ಎಣ್ಣೆ, ಬಿಸಿಗೆ ಸುಟ್ಟು ಬಂದದ್ದು. ಒರೆಸಿ ಮತ್ತೆ ಹಾಕಿದರೆ ಸಾಲದು. ಹೊಸ ವಾಲ್ವ್ ಹಾಕಿ, ಕಂಪ್ರೆಸರಿನಿಂದ ಬರುವ ಪೈಪನ್ನೂ ಬಿಚ್ಚಿ ನೋಡಿ. ಅಲ್ಲೂ ಮಸಿ ಕಟ್ಟಿದ್ದರೆ ಕಂಪ್ರೆಸರನ್ನೇ ರಿಪೇರಿ ಮಾಡಿಸಬೇಕು.