ಮುಂದೆ ಸೋರಿದ ನೀರು, ಹಿಂದೆ ಕುಂಬಾದ ಮರ

ಕಳೆದ ನವೆಂಬರಿನಲ್ಲಿ ಕಾಸರಗೋಡಿನ ಪೆರ್ಲದ ಕಡೆಯಿಂದ ನಿವೃತ್ತ ಮಾಷ್ಟ್ರೊಬ್ಬರು ಫೋನ್ ಮಾಡಿದರು. "ಆಚಾರ್ರೇ, ನಮ್ಮ ಗೂಡಿನ ಹಿಂದಿನ ಮೂಲೆ ಮೆತ್ತಗಾಗಿದೆ. ಬೆರಳು ಒತ್ತಿದರೆ ಒಳಗೆ ಹೋಗ್ತದೆ. ಒಂದು ದಿನ ಬಂದು ಪುಟ್ಟಿ ಹಾಕಿ ಕೊಡ್ತೀರಾ?"

ಗೂಡು ಅಂದರೆ ಪಿಕಪ್ ಗಾಡಿಯ ಹಿಂದಿನ ತೊಟ್ಟಿಯಲ್ಲಿ ಕೂರುವ ಕ್ಯಾಂಪರ್. ಒಳಗೆ ಇಬ್ಬರು ಮಲಗುವ ಹಾಸಿಗೆ, ಒಂದು ಸ್ಟೌ, ಸಿಂಕ್, ಕಪಾಟು. ನಾಲ್ಕು ಮೂಲೆಗೆ ನಾಲ್ಕು ಜ್ಯಾಕ್ ಕಾಲು. ಬೇಡವಾದಾಗ ಕಾಲು ಇಳಿಸಿ, ಗೂಡನ್ನು ಎತ್ತಿ ನಿಲ್ಲಿಸಿ, ಅಡಿಯಿಂದ ಪಿಕಪ್ ಮುಂದೆ ತೆಗೆದರಾಯಿತು. ಗಾಡಿ ಅಡಿಕೆ ಹೇರಲು ಸಿಗುತ್ತದೆ, ಗೂಡು ಅಂಗಳದಲ್ಲಿ ನಿಲ್ಲುತ್ತದೆ. 2021ರಲ್ಲಿ ಕೇರಳ ಪ್ರವಾಸೋದ್ಯಮ ಇಲಾಖೆ 'ಕೇರವಾನ್ ಕೇರಳ' ಯೋಜನೆ ತಂದ ಮೇಲೆ ದೊಡ್ಡ ಕಾರವಾನ್‌ಗಳ ಮಾತು ಜಾಸ್ತಿ ಕೇಳುತ್ತದೆ. ನನ್ನ ಹತ್ತಿರ ರಿಪೇರಿಗೆ ಬರುವುದು ಇಂಥ ಸಣ್ಣ ಗೂಡುಗಳೇ. ಹೊರಗೆ ತೆಳು ಅಲ್ಯುಮಿನಿಯಂ ತಗಡು, ಒಳಗೆ ಪ್ಲೈವುಡ್, ನಡುವೆ ಮರದ ರೀಪಿನ ಚೌಕಟ್ಟು ಮತ್ತು ಥರ್ಮೋಕೋಲ್. ಹೊರಗಿನಿಂದ ನೋಡಿದವರಿಗೆ ಒಳಗೆ ಮರ ಇದೆ ಅಂತಲೇ ಗೊತ್ತಾಗುವುದಿಲ್ಲ. ಗೂಡನ್ನು ಹೊತ್ತು ನಿಂತಿರುವುದು ಆ ಮರ.

ಪುಟ್ಟಿ ಹಾಕಿ ಕೊಡುವುದಿಲ್ಲ ಅಂತ ಫೋನಿನಲ್ಲೇ ಹೇಳಿದೆ. ಮಾಷ್ಟ್ರಿಗೆ ಬೇಸರವಾಯಿತು. ನನ್ನ ಅಪ್ಪ ಹಂಚಿನ ಮಾಡಿನ (ಛಾವಣಿಯ) ಕೆಲಸ ಮಾಡಿದವರು. ಪಕ್ಕಾಸು (ಹಂಚು ಹೊರುವ ಓರೆ ಮರ) ಕುಂಬಾಗಿದೆ, ಅಂದರೆ ಕೊಳೆತು ಮೆತ್ತಗಾಗಿದೆ ಅಂತ ಯಾರಾದರೂ ಕರೆದರೆ ಅವರು ಮೊದಲು ಹತ್ತಿ ಹಂಚು ನೋಡುತ್ತಿದ್ದರು, ಪಕ್ಕಾಸನ್ನು ಮುಟ್ಟುತ್ತಲೇ ಇರಲಿಲ್ಲ. ಒಡೆದ ಹಂಚು ಮೇಲೆ ಎಲ್ಲೋ ಇರುತ್ತದೆ, ನೀರು ರೀಪು ಹಿಡಿದು ಹರಿದು ಬಂದು ಕೆಳಗೆ ಎಲ್ಲೋ ನಿಲ್ಲುತ್ತದೆ. ಕ್ಯಾಂಪರ್ ಗೂಡಿನಲ್ಲೂ ಇದೇ ನಡೆಯುತ್ತದೆ. ನೀರಿನ ದಾರಿ ಮುಚ್ಚದೆ ಹೊಸ ಮರ ಕೂರಿಸಿದರೆ ಎರಡು ಮಳೆಗಾಲದಲ್ಲಿ ಅದೂ ಹೋಗುತ್ತದೆ.

ಮರವನ್ನು ತಿನ್ನುವುದು ಒಂದು ಜಾತಿಯ ಬೂಷ್ಟು. ಒಣಗಿದ ಮರದಲ್ಲಿ ಅದು ಬದುಕುವುದಿಲ್ಲ. ಮರದ ತೂಕದಲ್ಲಿ ನೀರಿನ ಪಾಲು ಶೇಕಡಾ 20ಕ್ಕಿಂತ ಕೆಳಗೆ ಇದ್ದರೆ ಭಯವಿಲ್ಲ. ಶೇಕಡಾ 28-30 ದಾಟಿ ಹಾಗೇ ಉಳಿದರೆ ಬೂಷ್ಟು ಹಿಡಿಯುತ್ತದೆ. ಇದನ್ನು ಅಳೆಯಲು ಎರಡು ಸೂಜಿಯ ತೇವಾಂಶ ಮೀಟರ್ ಸಿಗುತ್ತದೆ. ಗೂಡು ಇಟ್ಟುಕೊಂಡವರು ಒಂದು ಕೊಂಡು ಇಡಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ನಮ್ಮ ಊರಿನಲ್ಲಿ ಮೀಟರ್ ಓದುವುದಕ್ಕೆ ಸ್ವಲ್ಪ ತಿಳಿವಳಿಕೆ ಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗಾಳಿಯೇ ಚಂಡಿ, ಅಂದರೆ ಒದ್ದೆಯಾಗಿರುತ್ತದೆ. ಒಂದು ಹನಿ ಸೋರದ ಮರ ಕೂಡ ಆ ಗಾಳಿಯಿಂದ ಪಸೆ ಎಳೆದುಕೊಂಡು 18ರಿಂದ 20 ತೋರಿಸುತ್ತದೆ. ಅದೇ ಮರ ಜನವರಿಯಲ್ಲಿ 12-13ಕ್ಕೆ ಇಳಿಯುತ್ತದೆ. ಹಾಗಾಗಿ ಒಂದೇ ಜಾಗದ ಅಂಕೆ ನೋಡಿ ಹೆದರಬೇಡಿ. ಮೊದಲು ಗೂಡಿನ ನಡುವಿನ ಕಪಾಟಿನ ಒಳಗೆ, ಖಂಡಿತ ಒಣಗಿರುವ ಕಡೆ ಅಳೆಯಿರಿ. ಆಮೇಲೆ ಮೂಲೆ, ಕಿಟಕಿಯ ಕೆಳಗೆ, ಮಾಡಿನ ಅಂಚಿನಲ್ಲಿ ಅಳೆಯಿರಿ. ಎರಡರ ನಡುವೆ ಐದಾರು ಅಂಕ ವ್ಯತ್ಯಾಸ ಬಂದರೆ ಅಲ್ಲಿ ನೀರು ಇದೆ ಎಂದೇ ತಿಳಿಯಿರಿ.

ಮಾಷ್ಟ್ರ ಗೂಡಿನಲ್ಲಿ ಕಪಾಟು 15 ತೋರಿಸಿತು. ಹಿಂದಿನ ಎಡ ಮೂಲೆ 34. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದೆ. ಒಳ್ಳೆಯ ಮರ ಟಕ್ ಟಕ್ ಅನ್ನುತ್ತದೆ. ಕುಂಬಾದದ್ದು ಹಣ್ಣಾದ ಹಲಸಿನ ಹಣ್ಣು ತಟ್ಟಿದ ಹಾಗೆ ಡಬ್ ಅನ್ನುತ್ತದೆ. ಆ ಡಬ್ ಶಬ್ದ ಮೂಲೆಯಿಂದ ಮೇಲಕ್ಕೆ ಹೋಗಿ, ಮಾಡಿನ ಅಂಚು ಹಿಡಿದು ಮುಂದಕ್ಕೂ ಅಲ್ಲಲ್ಲಿ ಕೇಳಿಸಿತು.

ನೀರಿನ ದಾರಿ ಹುಡುಕುವ ಕ್ರಮ ಹೀಗೆ. ಒಳಗಿನ ಪ್ಲೈವುಡ್ಡಿನ ಒಂದೊಂದು ಪಟ್ಟಿ ಬಿಚ್ಚಿ, ಚೌಕಟ್ಟಿನ ಮರ ಕಾಣುವಂತೆ ಮಾಡಿ, ಅದರ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಒಂದೊಂದು ಜೋಡಣೆಗೆ 10-15 ನಿಮಿಷ. ಸೀದಾ ಮಾಡಿಗೇ ನೀರು ಬಿಟ್ಟರೆ ಅದು ಎಲ್ಲಾ ಕಡೆ ಇಳಿದು, ಯಾವ ತೂತಿನಿಂದ ಒಳಗೆ ಬಂತು ಅಂತ ಹೇಳಲಾಗುವುದಿಲ್ಲ. ಪೈಪನ್ನು ಒತ್ತಿ ಹಿಡಿದು ಜೋರಾಗಿ ಹಾರಿಸಲೂಬಾರದು. ಮಳೆ ಬೀಳುವ ಹಾಗೆ ಬಿಡಬೇಕು.

ಮಾಷ್ಟ್ರೇ ಒಳಗೆ ಕೂತರು. ಕೆಳಗಿನ ಅಂಚು, ಕಿಟಕಿ, ಬಾಗಿಲು ಎಲ್ಲಾ ಸರಿ ಇತ್ತು. ಡ್ರೈವರ್ ತಲೆಯ ಮೇಲೆ ಚಾಚಿಕೊಂಡಿರುವ ಗೂಡಿನ ಮೂತಿಯಲ್ಲಿ ಒಂದು ಸಣ್ಣ ದೀಪ ಇರುತ್ತದೆ. ಅಲ್ಲಿಗೆ ನೀರು ಬಿಟ್ಟು ಎಂಟು ನಿಮಿಷ ಆಗಿರಬಹುದು. "ಆಚಾರ್ರೇ, ಪುಡಿ ಕಪ್ಪಾಗ್ತಾ ಉಂಟು!" ಅಂತ ಕೂಗಿದರು. ದೀಪದ ಸ್ಕ್ರೂ ತೂತಿನಿಂದ ನೀರು ಒಳಗೆ ಬಂದು, ಮಾಡಿನ ಅಂಚಿನ ರೀಪಿನ ಮೇಲೆ ಹಿಂದಕ್ಕೆ ಹರಿಯುತ್ತಿತ್ತು. ಯಾಕೆ ಹಿಂದಕ್ಕೆ? ಅವರ ಅಂಗಳ ಇಳಿಜಾರು. ಮೂತಿ ಮೇಲೆ ಮಾಡಿ ಗೂಡನ್ನು ನಿಲ್ಲಿಸಿದ್ದರು. ಎಂಟು ಅಡಿ ದೂರ ಹರಿದ ನೀರು ಹಿಂದಿನ ಮೂಲೆಗಂಬದ ತಲೆಗೆ ಇಳಿಯುತ್ತಿತ್ತು. ಮರದ ಬದಿಯ ಮೈಗಿಂತ ಕೊಯ್ದ ತುದಿ ನೀರನ್ನು ಎಷ್ಟೋ ಪಟ್ಟು ಬೇಗ ಕುಡಿಯುತ್ತದೆ. ಪಕ್ಕಾಸು ತುದಿಯಿಂದಲೇ ಹಾಳಾಗುವುದು ಅದಕ್ಕೇ ಅಲ್ವಾ?

ಈಗ ಈ ಅಂಕಣ ಬರೆಯಲು ಮುಖ್ಯ ಕಾರಣಕ್ಕೆ ಬರುತ್ತೇನೆ. ಜ್ಯಾಕ್ ಕಾಲಿನ ಬ್ರಾಕೆಟ್ ಬೋಲ್ಟ್ ಆಗಿರುವುದು ಅದೇ ಮೂಲೆಗಂಬಕ್ಕೆ. ಗೂಡು ಗಾಡಿಯ ಮೇಲೆ ಇರುವಾಗ ಭಾರ ತಳದ ಮೇಲೆ ಕೂರುತ್ತದೆ. ಕಾಲಿನ ಮೇಲೆ ನಿಂತಾಗ ಪೂರ್ತಿ ಭಾರ ನಾಲ್ಕು ಮೂಲೆಗಳಿಗೆ ಬರುತ್ತದೆ. 600 ಕೆಜಿ ಗೂಡು ಅಂದರೆ ಮೂಲೆಗೆ 150 ಅಂತ ಲೆಕ್ಕ ಹಾಕಿ ಸುಮ್ನೆ ಇರಬೇಡಿ. ಒಂದು ಕಾಲು ಮಣ್ಣಿನಲ್ಲಿ ಸ್ವಲ್ಪ ಹೂತರೂ ಅದರ ಅಕ್ಕಪಕ್ಕದ, ಒಂದಕ್ಕೊಂದು ಎದುರಾದ ಎರಡು ಮೂಲೆಗಳೇ ಹೆಚ್ಚಿನ ಭಾರ ಹೊರಬೇಕು. ಅದರಲ್ಲಿ ಒಂದು ಕುಂಬಾಗಿದ್ದರೆ ಬೋಲ್ಟು ಮರವನ್ನು ಸೀಳಿಕೊಂಡು ಬರುತ್ತದೆ. ಕುಂಬಾದ ಮರ ಮುರಿಯುವ ಮೊದಲು ಶಬ್ದ ಕೂಡ ಮಾಡುವುದಿಲ್ಲ. ಅಡಿಯಲ್ಲಿ ಮಕ್ಕಳು ಆಡುತ್ತಿರಬಹುದು, ನಾಯಿ ಮಲಗಿರಬಹುದು. ಮಾಷ್ಟ್ರ ಮನೆಯಲ್ಲಿ ಎರಡೂ ಆಗುತ್ತಿತ್ತು ಅಂತ ಕೇಳಿ ನನಗೆ ಆ ದಿನ ಊಟ ಸೇರಲಿಲ್ಲ.

ಹಾಗಾಗಿ ಮೂಲೆ ಮೆತ್ತಗಾಗಿದೆ ಅನ್ನಿಸಿದ ಕ್ಷಣದಿಂದ ಜ್ಯಾಕ್ ಮುಟ್ಟಬೇಡಿ. ಗಾಡಿಯ ಮೇಲೆ ಇದ್ದರೆ ಅಲ್ಲೇ ಇರಲಿ. ಇಳಿಸಿ ಆಗಿದ್ದರೆ ತಳದ ಅಡಿಗೆ, ಗೋಡೆಯ ಗೆರೆಗೆ ಸರಿಯಾಗಿ ದಪ್ಪ ತೊಲೆಗಳನ್ನು ಅಡ್ಡಡ್ಡ ಪೇರಿಸಿ ಆಸರೆ ಕೊಡಿ. ಪೇರಿಸುವಾಗ ಯಾರೂ ಅಡಿಗೆ ನುಗ್ಗಬಾರದು. ಬದಿಯಿಂದಲೇ ತಳ್ಳಿ. ಒಂಟಿ ಕೆಂಪುಕಲ್ಲನ್ನು ಕಾಲಿನ ಅಡಿಗೆ ಇಡುವುದನ್ನು ತುಂಬಾ ಕಡೆ ನೋಡಿದ್ದೇನೆ. ಸಣ್ಣ ಜಾಗದಲ್ಲಿ ಅಷ್ಟು ಭಾರ ಬಿದ್ದರೆ ಕಲ್ಲು ಒಡೆಯಬಹುದು. ದಪ್ಪ ಹಲಗೆ ಹಾಕಿ ಭಾರ ಹರಡಿಸಿ.

ಆಮೇಲೆ ಒಣಗಿಸುವ ಕೆಲಸ. ಬಿಚ್ಚಿದ ಕೂಡಲೇ ಹೊಸ ಮರ ಹಾಕಬೇಕು ಅಂತ ಎಲ್ಲರಿಗೂ ಅವಸರ. ಚಂಡಿ ಮರಕ್ಕೆ ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ ಗಟ್ಟಿ ಅಂಟು) ಹಿಡಿಯುವುದಿಲ್ಲ. ಹಿಡಿದ ಹಾಗೆ ಕಂಡು ಆಮೇಲೆ ಸಿಪ್ಪೆಯಂತೆ ಎದ್ದು ಬರುತ್ತದೆ. 14ಕ್ಕಿಂತ ಕೆಳಗೆ ಬರುವವರೆಗೆ ನಾನು ಅಂಟು ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಇದು ಆಗದ ಮಾತು. ಡಿಸೆಂಬರಿನಿಂದ ಮಾರ್ಚಿನ ನಡುವೆ ಮಾಡಿ ಮುಗಿಸಬೇಕು. ಜೂನಿನಲ್ಲಿ ಸೋರಿದರೆ ಹೊರಗಿನಿಂದ ತಾತ್ಕಾಲಿಕವಾಗಿ ಮುಚ್ಚಿ, ಒಳಗಿನ ಪ್ಲೈವುಡ್ ಬಿಚ್ಚಿ ಗಾಳಿಯಾಡಲು ಬಿಟ್ಟು, ಮಳೆ ಹೋಗುವವರೆಗೆ ಕಾಯಿರಿ. ಮಾಷ್ಟ್ರ ಗೂಡನ್ನು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಅಡಿಗೆ ತಂದೆವು. ಎರಡೂ ತುದಿ ತೆರೆದಿಟ್ಟು ಒಂದು ಫ್ಯಾನ್ ಹಚ್ಚಿದೆವು. ಬಿಸಿ ಗಾಳಿ ಒಳಗೇ ಸುತ್ತಿದರೆ ಪ್ರಯೋಜನವಿಲ್ಲ, ಪಸೆ ಹೊರಗೆ ಹೋಗಬೇಕು. ಒದ್ದೆ ಥರ್ಮೋಕೋಲ್ ತೆಗೆದು ಎಸೆದೆವು. 13ಕ್ಕೆ ಇಳಿಯಲು 19 ದಿನ ಬೇಕಾಯಿತು.

ಒಣಗಿಸುವ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಉಳಿಸಿಕೊಳ್ಳುವ ಮರಕ್ಕೆ ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ಬಿಸಿನೀರಿನಲ್ಲಿ ಕರಗಿಸಿ ಬಳಿಯುವುದು. ಪಸೆ ಇರುವ ಮರದಲ್ಲೇ ಅದು ಒಳಗೆ ಹರಡುತ್ತದೆ. ಬೂಷ್ಟು, ಒರಲೆ (ಗೆದ್ದಲು) ಎರಡಕ್ಕೂ ಆಗುತ್ತದೆ. ಮಳೆ ಬಿದ್ದರೆ ತೊಳೆದು ಹೋಗುವುದರಿಂದ ತಗಡಿನ ಒಳಗಿನ ಮರಕ್ಕೆ ಮಾತ್ರ. ಕೆಲವರು ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ಕೇಳುತ್ತಾರೆ. ಮರಕ್ಕೆ ಅದು ಒಳ್ಳೆಯದೇ. ಆದರೆ ಮೈ ಸುಡುತ್ತದೆ, ಅದರ ಮೇಲೆ ಅಂಟು ಕೂರುವುದಿಲ್ಲ. ಮನುಷ್ಯರು ಮಲಗುವ ಗೂಡಿಗೆ ಬೇಡ.

ಕೊಯ್ಯುವಾಗ ದಯೆ ಬೇಡ. ಮೆತ್ತಗಿರುವುದು ಮುಗಿದ ಮೇಲೆ ಇನ್ನೂ ಒಂದು ಗೇಣು ಒಳ್ಳೆಯ ಮರ ಸೇರಿಸಿ ತೆಗೆಯಿರಿ. ಮೂಲೆಗಂಬವನ್ನು ತುಂಡು ಮಾಡಿ ಜೋಡಿಸಬೇಡಿ, ಇಡೀ ಕಂಬ ಬದಲಿಸಿ. ಉಳಿದ ರೀಪುಗಳನ್ನು ಓರೆ ಜೋಡಣೆಯಲ್ಲಿ ಸೇರಿಸಬಹುದು. ದಪ್ಪದ ಎಂಟು ಪಟ್ಟು ಉದ್ದದ ಓರೆ ಬೇಕು. 25 ಮಿಲಿಮೀಟರ್ ದಪ್ಪದ ರೀಪಿಗೆ 200 ಮಿಲಿಮೀಟರ್. ಸಾಮಾನ್ಯ ಬಿಳಿ ಅಂಟು ನೀರಿಗೆ ಮೆತ್ತಗಾಗುತ್ತದೆ, ಎಪಾಕ್ಸಿಯನ್ನೇ ಬಳಸಿ. ಕಂಬಕ್ಕೆ ನಾನು ಹೆಬ್ಬಲಸು ಹಾಕಿದೆ. ಈ ಕರಾವಳಿಯಲ್ಲಿ ದೋಣಿ ಕಟ್ಟಿದ ಮರ ಅದು, ತೂಕವೂ ವಿಪರೀತ ಇಲ್ಲ. ಹಳೆಯ ಕಂಬ ರಬ್ಬರ್ ಮರದ್ದಾಗಿತ್ತು. ಕಟ್ಟಿಕೊಟ್ಟವರು ಅಗ್ಗಕ್ಕೆ ಸಿಕ್ಕಿದ್ದನ್ನು ಹಾಕಿದ್ದರು. ಮದ್ದು ಹಾಕದ ರಬ್ಬರ್ ಮರಕ್ಕೆ ಬೂಷ್ಟು, ಹುಳ ಎರಡೂ ಬಹಳ ಬೇಗ ಬರುತ್ತವೆ.

ತಳಕ್ಕೆ ಪ್ಲೈವುಡ್ ಕೊಳ್ಳುವಾಗ ಅಂಗಡಿಯವರು 'ವಾಟರ್‌ಪ್ರೂಫ್' ಅಂದರೆ ಸಾಕಾಗುವುದಿಲ್ಲ. ಹಾಳೆಯ ಮೇಲೆ ಐಎಸ್ 710 ಮುದ್ರೆ ನೋಡಿ. ಅದು ಮರೈನ್ ಪ್ಲೈವುಡ್‌ನ ಗುರುತು. ಅದರ ಅಂಟು 72 ಗಂಟೆ ನೀರಿನಲ್ಲಿ ಕುದಿಸಿದರೂ ಬಿಡಬಾರದು. ಹಾಗಂತ ಅದು ಕುಂಬಾಗುವುದೇ ಇಲ್ಲ ಅಂತ ತಿಳಿಯಬೇಡಿ. ಕೊಯ್ದ ಅಂಚುಗಳಿಗೆಲ್ಲ ಎಪಾಕ್ಸಿ ಕುಡಿಸಿಯೇ ಕೂರಿಸಬೇಕು. ಎಂಟು-ನಾಲ್ಕು ಅಡಿಯ 18 ಮಿಲಿಮೀಟರ್ ಹಾಳೆ 30 ಕೆಜಿ ಮೇಲೆ ತೂಗುತ್ತದೆ. ಗಟ್ಟಿಯಾಗಲಿ ಅಂತ ಎಲ್ಲಾ ಕಡೆ ಅದನ್ನೇ ಹಾಕಿದರೆ ಪಿಕಪ್ಪಿನ ಮೇಲೆ ಭಾರ ಜಾಸ್ತಿ.

ಜ್ಯಾಕ್ ಬ್ರಾಕೆಟ್ಟಿನ ತೂತುಗಳಿಗೆ ದೋಣಿ ಕೆಲಸದವರ ಒಂದು ಉಪಾಯ ಇದೆ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ಎಪಾಕ್ಸಿಯಿಂದ ಪೂರ್ತಿ ತುಂಬಿಸಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯುವುದು. ಬೋಲ್ಟು ಮರವನ್ನು ಮುಟ್ಟುವುದೇ ಇಲ್ಲ. ತೂತಿನಲ್ಲಿ ನೀರು ಬಂದರೂ ಮರಕ್ಕೆ ಸೇರುವುದಿಲ್ಲ. ಒಳಗಡೆ ಅಂಗೈ ಅಗಲದ 5 ಮಿಲಿಮೀಟರ್ ಉಕ್ಕಿನ ಪಟ್ಟಿ ಕೊಟ್ಟೆ. ಬೋಲ್ಟು, ಸ್ಕ್ರೂ ಎಲ್ಲಾ ಸ್ಟೇನ್‌ಲೆಸ್. ಬೇಕಲ, ಕುಂಬಳೆಯಂಥ ಕಡಲ ಬದಿಯಲ್ಲಿ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕಪ್ಪು ಮಾಡಿ ಪುಡಿ ಮಾಡುತ್ತದೆ.

ಸೀಲ್ ಮಾಡುವುದಕ್ಕೆ ಸಿಲಿಕೋನ್ ಬೇಡವೇ ಬೇಡ. ಮಾಷ್ಟ್ರ ಗೂಡಿನ ದೀಪಕ್ಕೆ ಹಿಂದೆ ಯಾರೋ ಸಿಲಿಕೋನ್ ಬಳಿದಿದ್ದರು. ಅದು ಒಂದು ಬದಿ ಎದ್ದಿತ್ತು. ಅದರ ಮೇಲೆ ಬೇರೆ ಯಾವುದೂ ಹಿಡಿಯುವುದಿಲ್ಲ, ಕೊನೆಯ ಪೊರೆಯವರೆಗೆ ಕೆರೆದು ತೆಗೆಯಬೇಕು. ಅರ್ಧ ದಿನ ಅದಕ್ಕೇ ಹೋಯಿತು. ದೀಪ, ಕಿಟಕಿ, ಅಂಚಿನ ಪಟ್ಟಿ ಇಂಥವುಗಳ ಅಡಿಗೆ ಬ್ಯುಟೈಲ್ ಟೇಪ್ ಹಾಕಿ. ಅದು ವರ್ಷಗಟ್ಟಲೆ ಮೆತ್ತಗೇ ಇದ್ದು, ಗೂಡು ಅಲುಗಾಡಿದ ಹಾಗೆ ತಾನೂ ಹಿಗ್ಗುತ್ತದೆ. ಹೊರಗಿನ ಗೆರೆಗೆ ಪಾಲಿಯುರೆಥೇನ್ ಸೀಲಂಟ್.

ಒಳಗಿನಿಂದಲೂ ನೀರು ಹುಟ್ಟುತ್ತದೆ. ರಾಣಿಪುರಕ್ಕೋ, ಪಾಣತ್ತೂರು ದಾರಿಯಲ್ಲಿ ಭಾಗಮಂಡಲಕ್ಕೋ ಹೋಗಿ ಚಳಿಗೆ ಎಲ್ಲಾ ಮುಚ್ಚಿ ಮಲಗಿದವರು ಬೆಳಿಗ್ಗೆ ಗೋಡೆ ಬೆವರಿದ್ದನ್ನು ನೋಡಿರುತ್ತಾರೆ. 1 ಕೆಜಿ ಅಡುಗೆ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಆವಿಯಾಗಿ ಬರುತ್ತದೆ. ನಮ್ಮ ಉಸಿರಿನದ್ದು ಬೇರೆ. ಅಡುಗೆ ಮಾಡುವಾಗ ಮಾಡಿನ ಕಿಂಡಿ ತೆರೆದಿಡಿ. ಗ್ಯಾಸ್ ಇರುವ ಗೂಡಿನ ತಳದ ಗಾಳಿಕಿಂಡಿಯನ್ನು ಚಳಿ ಅಂತ ಎಂದಿಗೂ ಮುಚ್ಚಬಾರದು, ಅದು ಜೀವದ ಪ್ರಶ್ನೆ. ಹಾಸಿಗೆಯ ಅಡಿಗೆ ಸೀದಾ ಪ್ಲೈವುಡ್ ಇದ್ದರೆ ರೀಪು ಹೊಡೆದು ಗಾಳಿ ಹೋಗುವಂತೆ ಮಾಡಿ.

ಮಾಷ್ಟ್ರ ಗೂಡು ಫೆಬ್ರವರಿ ಕೊನೆಗೆ ಮುಗಿಯಿತು. ಅಂಗಳದಲ್ಲಿ ಈಗ ಅದು ಮೂತಿಯನ್ನು ಸ್ವಲ್ಪ ಕೆಳಗೆ ಮಾಡಿ, ತೊಲೆಗಳ ಆಸರೆಯ ಮೇಲೆ ನಿಂತಿದೆ. ಜುಲೈಯಲ್ಲಿ, ಒಂದು ವಾರ ಬಿಡದೆ ಮಳೆ ಸುರಿದ ಮೇಲೆ, ಮೀಟರ್ ಹಿಡಿದುಕೊಂಡು ಹೋದೆ. ಕಪಾಟಿನ ಒಳಗೆ 18. ಹಿಂದಿನ ಎಡ ಮೂಲೆಯಲ್ಲೂ 18. ಮಾಷ್ಟ್ರು ತಾನೇ ಇನ್ನೊಮ್ಮೆ ಸೂಜಿ ಚುಚ್ಚಿ ನೋಡಿದರು.