ಲುಗು ಸರೋವರದ ‘ಹೆಣ್ಣುರಾಜ್ಯ’: ಅಂತೆಕಂತೆಗಳ ಹಿಂದಿನ ಕಥೆ

ಚೀನಾದ ಯುನ್ನಾನ್ ಮತ್ತು ಸಿಚುವಾನ್ ಪ್ರಾಂತ್ಯಗಳ ಗಡಿಯಲ್ಲಿ, ಸುಮಾರು 2,700 ಮೀಟರ್ ಎತ್ತರದಲ್ಲಿ ಲುಗು ಸರೋವರ ಇದೆ. ಅದರ ಸುತ್ತಲಿನ ಊರುಗಳಲ್ಲಿ ಮೊಸುವೊ ಜನ ಇದ್ದಾರೆ. ಪ್ರವಾಸದ ಜಾಹೀರಾತುಗಳಲ್ಲಿ ಈ ಜಾಗಕ್ಕೆ ‘ಹೆಣ್ಣುರಾಜ್ಯ’ ಅಂತಲೇ ಹೆಸರು. ಅಲ್ಲಿ ಮದುವೆಯೇ ಇಲ್ಲವಂತೆ, ಮಕ್ಕಳಿಗೆ ಅಪ್ಪ ಯಾರೆಂದೇ ಗೊತ್ತಿಲ್ಲವಂತೆ. ಅಂತೆಕಂತೆ ಜಾಸ್ತಿಯಾಗಿ ನಿಜ ಯಾವುದು ಎಂದು ತಿಳಿಯದ ಹಾಗಾಗಿದೆ.

ಮೊದಲು ಮನೆಯೊಳಗಿನ ವ್ಯವಸ್ಥೆ ನೋಡೋಣ. ಮನೆಗೆ ಹಿರಿಯಳು ಅಜ್ಜಿ. ಒಲೆ ಇರುವ ದೊಡ್ಡ ಕೋಣೆ ಅವಳದು. ಊಟ, ಪೂಜೆ, ನೆಂಟರು ಎಲ್ಲ ಅಲ್ಲೇ. ಅವಳ ಹೆಣ್ಣುಮಕ್ಕಳು, ಗಂಡುಮಕ್ಕಳು, ಹೆಣ್ಣುಮಕ್ಕಳ ಮಕ್ಕಳು ಒಂದೇ ಸೂರಿನಡಿ. ಮಕ್ಕಳನ್ನು ಸಾಕುವ ಗಂಡಸು ಸೋದರಮಾವ. ಅಳಿಯಸಂತಾನ ಕಂಡ ನಮ್ಮ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಸುಮಾರು 13 ವರ್ಷಕ್ಕೆ ಹುಡುಗಿ ಮೊದಲ ಸಲ ಉದ್ದ ಲಂಗ ಉಡುತ್ತಾಳೆ. ಆಗ ಅವಳು ನಿಲ್ಲುವುದು ಅಕ್ಕಿಮೂಟೆ ಮತ್ತು ಒಣಗಿಸಿಟ್ಟ ಇಡೀ ಹಂದಿಯ ಮೇಲೆ.

ದೊಡ್ಡವಳಾದ ಮೇಲೆ ಇಷ್ಟಪಟ್ಟ ಗಂಡು ರಾತ್ರಿ ಅವಳ ಕೋಣೆಗೆ ಬಂದು, ಬೆಳಗ್ಗೆ ತನ್ನ ತಾಯಿಯ ಮನೆಗೆ ಹೋಗುತ್ತಾನೆ. ಹೊಲದ ಕೆಲಸ, ತಂಗಿಯ ಮಕ್ಕಳ ಜವಾಬ್ದಾರಿ ಅವನಿಗಿರುವುದು ಅಲ್ಲಿ. ಇದಕ್ಕೆ ಮೊಸುವೊ ಮಾತು ‘ತಿಸೆಸೆ’, ಅಂದರೆ ಹೋಗಿಬರುವುದು. ಚೀನೀ ಭಾಷೆಯಲ್ಲಿ ಅದು ‘ನಡಿಗೆಯ ಮದುವೆ’ ಆಯಿತು. ಎಷ್ಟೋ ಜೋಡಿಗಳು ಹೀಗೇ ಬಾಳೆಲ್ಲ ಕಳೆದಿದ್ದಾರೆ. ಅಪ್ಪ ಯಾರೆಂದು ಸಾಮಾನ್ಯವಾಗಿ ಎಲ್ಲರಿಗೂ ಗೊತ್ತು.

ಗೊಂದಲ ಶುರುವಾಗಿದ್ದು ಹೆಸರಿನಿಂದ. 1950ರ ದಶಕದಲ್ಲಿ ಸರ್ಕಾರ ಜನಾಂಗಗಳನ್ನು ಗುರುತಿಸಲು ಹೊರಟಾಗ 400ಕ್ಕೂ ಹೆಚ್ಚು ಹೆಸರುಗಳು ಬಂದವು. ಕೊನೆಗೆ ಅಧಿಕೃತವಾಗಿ ಉಳಿದದ್ದು ಬಹುಸಂಖ್ಯಾತ ಹಾನ್ ಜನರೂ ಸೇರಿ 56. ಅದರಲ್ಲಿ ಮೊಸುವೊ ಇಲ್ಲ. ಯುನ್ನಾನ್ ಕಡೆಯವರನ್ನು ನಾಶಿ ಜನಾಂಗಕ್ಕೆ ಸೇರಿಸಿದರು, ಸಿಚುವಾನ್ ಕಡೆಯವರು ಮಂಗೋಲರಾದರು. ಸರೋವರದ ಆಚೆ ದಡದ ನೆಂಟ ಕಾಗದದ ಮೇಲೆ ಬೇರೆ ಜನಾಂಗ! ಹಳೇ ಪದ್ಧತಿಗಳನ್ನು ಅಳಿಸಲು ಮಾವೋ ಹೂಡಿದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ (1966–76) ಜೋಡಿಗಳಿಗೆ ಒತ್ತಾಯದ ಮದುವೆಯೂ ಆಯಿತು. ಆ ಬಿಸಿ ಆರಿದ ಮೇಲೆ ಹಲವರು ತಾಯಿಮನೆಗೆ ವಾಪಸ್ ಹೋದರು.

ಆಮೇಲೆ ಬಂದದ್ದು ಪ್ರವಾಸಿಗರು. 1997ರಲ್ಲಿ ಯುನ್ನಾನ್‌ನ ಲಿಜಿಯಾಂಗ್ ಹಳೇ ಪಟ್ಟಣ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿತು. ಅಲ್ಲಿಗೆ ಬಂದ ಜನ ಬೆಟ್ಟದ ದಾರಿ ಹಿಡಿದು ಲುಗುವಿಗೂ ಬರತೊಡಗಿದರು. ದಂಡೆಯ ಲುವೊಶುಯ್ ಊರಿನವರು ಜಾಣತನದಿಂದ ಒಂದು ಪದ್ಧತಿ ಮಾಡಿಕೊಂಡರು. ದೋಣಿ, ಕುದುರೆ ಸವಾರಿ, ರಾತ್ರಿ ಬೆಂಕಿಯ ಸುತ್ತ ಕುಣಿತ, ಎಲ್ಲಕ್ಕೂ ಮನೆಮನೆಯಿಂದ ಸರದಿ. ಬಂದ ದುಡ್ಡು ಸಮಪಾಲು. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಆದರೆ ‘ನಡಿಗೆಯ ಮದುವೆ’ ಅನ್ನೋ ಮಾತೇ ಮಾರಾಟದ ಸರಕಾಯಿತು. ಕುಣಿತದಲ್ಲಿ ಕೈ ಹಿಡಿದಾಗ ಅಂಗೈ ಕೆರೆದರೆ ಅದು ರಾತ್ರಿಗೆ ಕರೆ ಎಂಬ ಕಥೆ ಹಬ್ಬಿತು. ಅದನ್ನು ನಂಬಿ, ದಿನದ ಸರದಿಗೆ ಸುಮ್ನೆ ಕುಣಿಯಲು ಬಂದ ಹುಡುಗಿಯ ಅಂಗೈ ಕೆರೆಯುವ ಗಿರಾಕಿಗಳೂ ಇದ್ದಾರೆ. ಹೊರಗಿನಿಂದ ಬಂದ ಹೆಂಗಸರು ಮೊಸುವೊ ಬಟ್ಟೆ ತೊಟ್ಟು ದೇಹ ಮಾರುವ ದಂಧೆಯೂ ಬೆಳೆಯಿತು. ಕೆಟ್ಟ ಹೆಸರು ಮಾತ್ರ ಊರಿನವರಿಗೆ.

2015ರಲ್ಲಿ ಹತ್ತಿರದಲ್ಲೇ ವಿಮಾನ ನಿಲ್ದಾಣ ಬಂದು ದಾರಿ ಇನ್ನೂ ಸುಲಭವಾಯಿತು. ಈ ನಡುವೆ ಮೊಸುವೊ ಯುವಜನರಲ್ಲಿ ಅನೇಕರು ನೋಂದಾಯಿಸಿ ಮದುವೆಯಾಗುತ್ತಿದ್ದಾರೆ, ಗಂಡ ಹೆಂಡತಿ ಬೇರೆ ಮನೆ ಮಾಡುವುದೂ ಇದೆ. ಜಾಹೀರಾತಿನಲ್ಲಿ ಮಾತ್ರ ಇನ್ನೂ ಅದೇ ‘ಹೆಣ್ಣುರಾಜ್ಯ’.