ಜೇಡ ಕಚ್ಚಿದೆ ಅಂದಾಗ ನಾನು ಮೊದಲು ಕಣ್ಣಿನ ರೆಪ್ಪೆ ನೋಡುತ್ತೇನೆ

"ಜ್ಯಾಡ ಕಡದೈತ್ರಿ, ಡಾಕ್ಟ್ರ." ಹಾವೇರಿ ಕಡೆ ಗೋವಿನಜೋಳದ ರಾಶಿ ಶುರುವಾದರೆ ಈ ಮಾತು ಆಗಾಗ ಕೇಳುತ್ತೇನೆ. ಕಚ್ಚಿದ್ದನ್ನು ಕಣ್ಣಾರೆ ನೋಡಿದವರು ಕಡಿಮೆ. ಬೆಳಗ್ಗೆ ಎದ್ದಾಗ ಬಾವು ಇತ್ತು, ಗೋಡೆ ಮೇಲೆ ಜೇಡ ಇತ್ತು, ಅಷ್ಟೇ.

ಮನೆಯ ಜೇಡಗಳು ಕಚ್ಚುವುದೇ ಅಪರೂಪ. ಕಚ್ಚಿದರೂ ಒಂದೆರಡು ದಿನ ಕೆಂಪು, ತುರಿಕೆ. ಸೋಪು ಹಚ್ಚಿ ತೊಳೆಯಿರಿ, ತಣ್ಣೀರ ಬಟ್ಟೆ ಇಡಿ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ವಿಡೋ ಜಾತಿಯ ಜೇಡ ಮಾತ್ರ ಬೇರೆ. ಚುಚ್ಚಿದ್ದು ಸಣ್ಣದು ಅನ್ನಿಸುತ್ತದೆ, ಆದರೆ ಗಂಟೆಯೊಳಗೆ ನೋವು ಮೈಗೆ ಹರಡುತ್ತದೆ. ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ, ಬೆವರು ಸುರಿಯುತ್ತದೆ, ಬಿಪಿ ಏರುತ್ತದೆ. ಆಗ ಆಸ್ಪತ್ರೆಯೇ ಬೇಕು. ಅಲ್ಲಿ ಜೋರಾದ ನೋವಿನ ಔಷಧ, ಸ್ನಾಯು ಸಡಿಲಿಸುವ ಔಷಧ ಕೊಡುತ್ತೇವೆ. ಹಾವಿನ ಇಂಜೆಕ್ಷನ್ ಹಾಕಿ ಅಂತ ಒತ್ತಾಯ ಮಾಡಬೇಡಿ. ಅದು ನಾಗರಹಾವು, ಕಟ್ಟುಹಾವು ಸೇರಿ ನಾಲ್ಕು ಹಾವುಗಳ ವಿಷಕ್ಕೆ ಮಾಡಿದ್ದು, ಜೇಡದ ವಿಷಕ್ಕೆ ಕೆಲಸ ಮಾಡುವುದಿಲ್ಲ.

ನನಗೆ ನಿಜಕ್ಕೂ ಭಯ ಆಗುವುದು ಕಟ್ಟುಹಾವಿನದು. ರಾತ್ರಿ ನೆಲದ ಮೇಲೆ, ಕಣದಲ್ಲಿ ಮಲಗಿದವರನ್ನು ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ಏನೋ ಹುಳ ಅಂತ ಮಗ್ಗುಲು ಬದಲಿಸಿ ಮಲಗಿಬಿಡುತ್ತಾರೆ. ನಸುಕಿನಲ್ಲಿ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲು ಆಗುವುದಿಲ್ಲ. ಮುಂದಿನದು ಉಸಿರು. ರೆಪ್ಪೆ ಭಾರ ಅಂದ ತಕ್ಷಣ 108ಕ್ಕೆ ಫೋನ್ ಮಾಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ಇಂಜೆಕ್ಷನ್ ಶುರುವಾಗಲಿ, ಅಲ್ಲಿಂದ ವೆಂಟಿಲೇಟರ್ ಇರುವ ಕಡೆ ಹೋಗಿ. ಹುಬ್ಬಳ್ಳಿಗೆ ನೇರವಾಗಿ ಹೋಗೋಣ ಅಂತ ದಾರಿಯಲ್ಲಿ ಹೊತ್ತು ಕಳೆಯಬೇಡಿ.

ಇನ್ನೊಂದು ಇದೆ. ಕಂಕುಳು, ತೊಡೆಸಂದಿಯಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ, ಜೊತೆಗೆ ಬಿಡದ ಜ್ವರ. ಜನ ಇದನ್ನೂ ಜೇಡ ಅನ್ನುತ್ತಾರೆ. ಇದು ಸ್ಕ್ರಬ್ ಟೈಫಸ್ ಇರಬಹುದು. ಬ್ಯಾಡಗಿ ಕಡೆ ಮೆಣಸಿನಕಾಯಿ ಬೆಳೆಯುವವರಿಗೆ ನುಸಿ ಗೊತ್ತಲ್ವಾ, ಅದೇ ಬಳಗದ ಇನ್ನೊಂದು ನುಸಿಯ ಮರಿ ಕಚ್ಚಿ ಬರುವ ಜ್ವರ. ಹಕ್ಕಳೆಗೆ ನೋವಿಲ್ಲದ ಕಾರಣ ಯಾರೂ ತೋರಿಸುವುದಿಲ್ಲ, ನಾವೇ ಬಟ್ಟೆ ಸರಿಸಿ ಹುಡುಕಬೇಕು. ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್ ಬೇಗ ಕೊಟ್ಟರೆ ಎರಡು ಮೂರು ದಿನದಲ್ಲಿ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡದವರೆಗೂ ಹೋಗುತ್ತದೆ.

ಕಚ್ಚಿದ ಜಾಗ ಕೊಯ್ಯುವುದು, ಹಗ್ಗ ಬಿಗಿಯುವುದು, ಸುಣ್ಣ ಹಚ್ಚುವುದು ಬೇಡ. ಹುಳ ಕಣ್ಣಿಗೆ ಬಿದ್ದರೆ ಫೋಟೋ ತೆಗೆದುಕೊಂಡು ಬನ್ನಿ. ಸಿಗದಿದ್ದರೆ ಅದನ್ನು ಹುಡುಕುತ್ತಾ ಕೂರಬೇಡಿ, ಹೊರಟುಬಿಡಿ.